ಹಗ್ಗದ ಅಂಚಿನ ತೆನೆ

ಶಿವರಾತ್ರಿಯ ಆಚೀಚೆ ಬೀಳಗಿ ತಾಲ್ಲೂಕಿನ ಎರೆಹೊಲಗಳಲ್ಲಿ ಬಿಳಿಜೋಳ ಕೊಯ್ಲಿಗೆ ಬರುತ್ತದೆ. ಆ ದಿನಗಳಲ್ಲಿ ಒಂದು ಸಣ್ಣ ಮೆರವಣಿಗೆ ಹೊಲಕ್ಕೆ ಇಳಿಯುವುದನ್ನು ದಾರಿಹೋಕರು ನೋಡಿರುತ್ತಾರೆ. ಮುಂದೆ ಮೊಬೈಲು ಹಿಡಿದ ಸರ್ಕಾರಿ ಸಿಬ್ಬಂದಿ, ಹಿಂದೆ ಹಗ್ಗ, ನಾಲ್ಕು ಗೂಟ, ಟೇಪು, ತಕ್ಕಡಿ ಹೊತ್ತವನೊಬ್ಬ, ಬಿಸಿಲಿಗೆ ಮುಖ ಕಿವುಚಿಕೊಂಡ ವಿಮಾ ಕಂಪನಿಯ ಹುಡುಗ, ಹೊಲದ ಯಜಮಾನ, ಆಮೇಲೆ ಕೆಲಸವಿಲ್ಲದೆ ನೋಡಲು ಬಂದ ನಾಲ್ಕು ಮಂದಿ. ಕಾಗದದಲ್ಲಿ ಇದಕ್ಕೆ ಬೆಳೆ ಕಟಾವು ಪ್ರಯೋಗ ಎಂದು ಹೆಸರು.

ಯಜಮಾನನಿಗೆ ತನ್ನ ಹೊಲದ ಒಂದೊಂದು ಮೂಲೆಯೂ ಗೊತ್ತು. "ಸಾಹೇಬ್ರ, ಈ ಬಾಜೂಕ ಹಗ್ಗ ಹಾಕ್ರಿ, ಇಲ್ಲಿ ಸವಳ ಐತಿ, ಬೆಳೀನ ಬಂದಿಲ್ಲ" ಎನ್ನುತ್ತಾನೆ. ಇಳುವರಿ ಕಡಿಮೆ ಬಂದರೆ ತಾನೆ ವಿಮೆ ಹಣ ಬರುವುದು? ವಿಮೆಯ ಹುಡುಗನ ಕಣ್ಣು ನಡುಹೊಲದಲ್ಲಿ ಎದೆಯುದ್ದ ನಿಂತ ಕಬ್ಬಿಣದಂಥ ದಂಟಿನ ಮೇಲೆ. ಇಬ್ಬರ ಮಾತೂ ನಡೆಯುವುದಿಲ್ಲ. ಹಗ್ಗ ಎಲ್ಲಿ ಬೀಳಬೇಕೆಂಬುದನ್ನು ಎರಡು ಅಂಕಿಗಳು ಆಗಲೇ ತೀರ್ಮಾನಿಸಿಬಿಟ್ಟಿರುತ್ತವೆ. ಯಾರೂ ಆರಿಸದ, ಚೀಟಿ ಎತ್ತಿದಂತೆ ಬಂದ ಅಂಕಿಗಳವು. ಹೊಲದ ನೈಋತ್ಯ ಮೂಲೆಯಲ್ಲಿ ನಿಂತು ಉದ್ದಕ್ಕೆ ಇಷ್ಟು, ಅಡ್ಡಕ್ಕೆ ಇಷ್ಟು ಎಂದು ಅಳೆದು ಹೋಗಬೇಕು. ಎಲ್ಲಿ ತಲುಪುತ್ತಾರೋ ಅಲ್ಲಿ ಮೊದಲ ಗೂಟ. ಅಲ್ಲಿ ಸವಳಿದ್ದರೆ ಸವಳು, ಬೆಳೆಯಿದ್ದರೆ ಬೆಳೆ.

ಸಾಮಾನ್ಯವಾಗಿ 5 ಮೀಟರ್ ಉದ್ದ, 5 ಮೀಟರ್ ಅಗಲದ ಚೌಕ. ಚೌಕ ಸೊಟ್ಟಗಾಗಿಲ್ಲ ಎಂದು ನೋಡಲು ಮೂಲೆಯಿಂದ ಮೂಲೆಗೆ ಟೇಪು ಹಿಡಿಯುತ್ತಾರೆ. 7 ಮೀಟರಿನ ಮೇಲೆ 7 ಸೆಂಟಿಮೀಟರ್ ಬರಬೇಕು. ಬಂದಮೇಲೆ ಹಗ್ಗ ಬಿಗಿಯುತ್ತಾರೆ. ನಿಜವಾದ ತಕರಾರು ಶುರುವಾಗುವುದು ಆಮೇಲೆ. ಹಗ್ಗಕ್ಕೆ ತಗುಲಿಕೊಂಡೇ ನಿಂತ ದಂಟುಗಳಿವೆಯಲ್ಲ, ಅವು ಒಳಗೋ ಹೊರಗೋ? ತೆನೆ ಒಳಕ್ಕೆ ವಾಲಿದೆ, ಬುಡ ಹೊರಗಿದೆ. ನಿಯಮ ಬುಡವನ್ನು ನೋಡು ಎನ್ನುತ್ತದೆ, ಕೈ ತೆನೆಯ ಕಡೆ ಹೋಗುತ್ತದೆ.

ಒಂದು ತೆನೆಯಿಂದ ಏನಾದೀತು ಎಂದು ಕೇಳಬಹುದು. 25 ಚದರ ಮೀಟರ್ ಎಂದರೆ ಒಂದು ಹೆಕ್ಟೇರಿನ ನಾನೂರರಲ್ಲಿ ಒಂದು ಪಾಲು. ಆ ಚೌಕದಲ್ಲಿ ಬಂದ ಕಾಳಿನ ತೂಕವನ್ನು 400ರಿಂದ ಗುಣಿಸಿ ಹೆಕ್ಟೇರ್ ಇಳುವರಿ ಹೇಳುತ್ತಾರೆ. ಅರ್ಧ ಕಿಲೋ ಹೆಚ್ಚು ಕೊಯ್ದರೆ ಕಾಗದದ ಮೇಲೆ ಎರಡು ಕ್ವಿಂಟಲ್ ಜೋಳ ಸುಮ್ಮನೆ ಹುಟ್ಟಿಬಿಡುತ್ತದೆ. 2016ರಲ್ಲಿ ಬಂದ ಫಸಲ್ ಬಿಮಾ ಯೋಜನೆಯಲ್ಲಿ ಮುಖ್ಯ ಬೆಳೆಗೆ ಒಂದು ಗ್ರಾಮ ಪಂಚಾಯಿತಿಗೆ ಕನಿಷ್ಠ ನಾಲ್ಕು ಕಟಾವು ನಡೆಯಬೇಕು. ಹಿಂದಿನ ಏಳು ವರ್ಷಗಳಲ್ಲಿ ಚೆನ್ನಾಗಿ ಬೆಳೆದ ಐದು ವರ್ಷಗಳ ಸರಾಸರಿ ತೆಗೆದು, ಅದರಿಂದ ಪಂಚಾಯಿತಿಯ ಖಾತರಿ ಇಳುವರಿಯನ್ನು ಗೊತ್ತುಮಾಡುತ್ತಾರೆ. ಈ ವರ್ಷದ ಕಟಾವು ಅದಕ್ಕಿಂತ ಕಡಿಮೆ ಬಂದರೆ ಮಾತ್ರ ಪರಿಹಾರ. ನಾಲ್ಕು ಚೌಕ, ನೂರು ಚದರ ಮೀಟರ್ ನೆಲ, ಅದರ ಮೇಲೆ ಒಂದು ಪಂಚಾಯಿತಿಯ ಎಲ್ಲ ಜೋಳದ ಬೆಳೆಗಾರರ ವಿಮೆ ನಿಂತಿರುತ್ತದೆ.

ಈ ಚೌಕದ ಅಳತೆಯ ಹಿಂದೆ ಒಂದು ದೊಡ್ಡ ಜಗಳವಿದೆ. ಕೃಷ್ಣೆ ಹುಟ್ಟುವ ಸಾತಾರಾ ಜಿಲ್ಲೆಯಲ್ಲಿಯೇ, ಬುಧ್ ಎಂಬ ಹಳ್ಳಿಯಲ್ಲಿ 1911ರಲ್ಲಿ ಹುಟ್ಟಿದ ಪಿ.ವಿ. ಸುಖಾತ್ಮೆ ಅವರು 1940ರ ದಶಕದಲ್ಲಿ ದೆಹಲಿಯ ಕೃಷಿ ಸಂಶೋಧನಾ ಪರಿಷತ್ತಿನಲ್ಲಿದ್ದರು. ಕಲ್ಕತ್ತೆಯಲ್ಲಿ ಪಿ.ಸಿ. ಮಹಾಲನೋಬಿಸ್, ದೇಶದ ಸಂಖ್ಯಾಶಾಸ್ತ್ರದ ದೊಡ್ಡಣ್ಣ. ಕೆಲವೇ ಅಡಿ ತ್ರಿಜ್ಯದ ಪುಟ್ಟ ವೃತ್ತಗಳಲ್ಲಿ ಕೊಯ್ದು ನೋಡಿದರೆ ಖರ್ಚು ಕಡಿಮೆ, ಹೆಚ್ಚು ಹೊಲ ನೋಡಬಹುದು ಎಂಬುದು ಮಹಾಲನೋಬಿಸರ ವಾದ. ಚೌಕ ಚಿಕ್ಕದಾದಷ್ಟೂ ಇಳುವರಿ ಸುಳ್ಳಾಗಿ ಏರುತ್ತದೆ ಎಂದು ಸುಖಾತ್ಮೆ ಹೊಲದಲ್ಲಿ ಅಳೆದು ತೋರಿಸಿದರು. ಕಾರಣ ಅದೇ, ಅಂಚಿನ ತೆನೆ. ಸಣ್ಣ ತುಂಡಿನಲ್ಲಿ ಒಳಭಾಗಕ್ಕಿಂತ ಅಂಚೇ ಹೆಚ್ಚು, ಕೊಯ್ಯುವವನ ಕೈ ಅನುಮಾನ ಬಂದಾಗಲೆಲ್ಲ ಒಳಕ್ಕೇ ಎಳೆದುಕೊಳ್ಳುತ್ತದೆ. ಸುಖಾತ್ಮೆಯವರ ಈ ಬರಹ 1946ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂತು. ಬಡ ದೇಶವೊಂದು ತನ್ನ ಆಹಾರದ ಲೆಕ್ಕವನ್ನು ಹೇಗೆ ಹಾಕಬೇಕೆಂಬ ಪ್ರಶ್ನೆ ಕೊನೆಗೆ ಹಗ್ಗಕ್ಕೆ ಒರಗಿದ ದಂಟಿಗೆ ಬಂದು ನಿಂತಿತ್ತು. ಬಂಗಾಳದ ಕ್ಷಾಮ ಆಗಿ ಮೂರೇ ವರ್ಷವಾಗಿದ್ದ ಕಾಲ ಅದು, ಯಾರಿಗೂ ಇದು ಬರೀ ಪಂಡಿತರ ಜಗಳ ಎನ್ನಿಸಿರಲಾರದು.

ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಇತ್ತೀಚಿನ ಚರಿತ್ರೆಯನ್ನು ಈ ಹಗ್ಗದ ಕಡೆಯಿಂದಲೇ ಓದಬಹುದು. ಹಗ್ಗ ಎಲ್ಲಿ ಹಾಕಿದರು, ಅಂಚಿನಲ್ಲಿದ್ದವರನ್ನು ಒಳಗೆ ಎಣಿಸಿದರೋ ಹೊರಗೋ ಎಂಬುದರ ಮೇಲೆ ಇಲ್ಲಿ ನೀರು ಹಂಚಿಕೆಯಾಗಿದೆ, ಊರು ಮುಳುಗಿವೆ, ಔಷಧಿ ಬಂದಿದೆ, ಅನುದಾನ ತಪ್ಪಿದೆ.

ನೀರನ್ನೇ ನೋಡಿ. ಬಚಾವತ್ ನ್ಯಾಯಮಂಡಳಿ 1973ರಲ್ಲಿ ಕೃಷ್ಣೆಯ ನೀರನ್ನು ರಾಜ್ಯಗಳಿಗೆ ಹಂಚಿದಾಗ ಅದರ ಮುಂದಿದ್ದದ್ದು 1894-95ರಿಂದ 1971-72ರವರೆಗಿನ 78 ವರ್ಷಗಳ ಹರಿವಿನ ಲೆಕ್ಕ. ತುಂಬಿ ಹರಿದ ವರ್ಷದಿಂದ ಬತ್ತಿದ ವರ್ಷದವರೆಗೆ ಸಾಲಾಗಿ ನಿಲ್ಲಿಸಿ, ಮೇಲಿನಿಂದ ಮುಕ್ಕಾಲು ಭಾಗ ಇಳಿದು, ಸುಮಾರು 59ನೇ ವರ್ಷದ ಬಳಿ ಗೆರೆ ಎಳೆದರು. ನೂರರಲ್ಲಿ 75 ವರ್ಷ ಇಷ್ಟು ನೀರಂತೂ ಸಿಗುತ್ತದೆ ಎಂಬ ಭರವಸೆಯ ಗೆರೆ ಅದು. ಅಲ್ಲಿ ಸಿಕ್ಕಿದ್ದು 2060 ಟಿಎಂಸಿ, ಅದರಲ್ಲಿ ಕರ್ನಾಟಕಕ್ಕೆ 700. 2010ರ ಡಿಸೆಂಬರ್ 30ರಂದು ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ 47 ವರ್ಷಗಳ ಹೊಸ ಲೆಕ್ಕ ತೆಗೆದುಕೊಂಡು ಗೆರೆಯನ್ನು 75ರಿಂದ 65ಕ್ಕೆ ಸರಿಸಿತು. 75ರ ಗೆರೆಯಲ್ಲಿ 2173 ಟಿಎಂಸಿ ಇದ್ದ ನದಿ 65ರ ಗೆರೆಯಲ್ಲಿ 2293 ಆಯಿತು. ಒಂದು ಹನಿ ಮಳೆ ಹೆಚ್ಚು ಬೀಳದೆ 120 ಟಿಎಂಸಿ ನೀರು ಹಂಚಿಕೆಗೆ ಒದಗಿತು. ಹೆಚ್ಚು ಅಪಾಯವನ್ನು ತಲೆಗೆ ಕಟ್ಟಿಕೊಳ್ಳಲು ಒಪ್ಪಿದ್ದಕ್ಕೆ ಸಿಕ್ಕ ನೀರು ಅದು. ನೂರರಲ್ಲಿ ಇಪ್ಪತ್ತೈದು ವರ್ಷ ಸಾಲದಾಗುತ್ತಿದ್ದದ್ದು ಈ ಹೊಸ ಗೆರೆಯಲ್ಲಿ ಮೂವತ್ತೈದು ವರ್ಷ ಸಾಲದಾಗುತ್ತದೆ. ಸಂಖ್ಯಾಶಾಸ್ತ್ರ ಈ ಆಯ್ಕೆಯನ್ನು ಕಣ್ಣ ಮುಂದೆ ಇಡಬಲ್ಲುದು, ಆಯ್ಕೆ ಮಾತ್ರ ಮನುಷ್ಯರದ್ದೇ. ಅದೇ ತೀರ್ಪು ಆಲಮಟ್ಟಿ ಅಣೆಕಟ್ಟಿನ ನೀರಿನ ಮಟ್ಟವನ್ನು 519.6 ಮೀಟರಿನಿಂದ 524.256ಕ್ಕೆ ಏರಿಸಲು ಒಪ್ಪಿತು. ಬೀಳಗಿ ತಾಲ್ಲೂಕಿನ ಹಿನ್ನೀರ ದಂಡೆಯವರಿಗೆ ಈ ದಶಮಾಂಶಗಳನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ, ಅವರ ಮನೆಯ ಹೊಸ್ತಿಲಿಗೂ ನೀರಿಗೂ ನಡುವಿನ ಅಂತರ ಅದರಲ್ಲೇ ಇದೆ.

ಇನ್ನೊಂದು ಎಣಿಕೆ ಜನ ಅಷ್ಟಾಗಿ ಬಾಯಿಬಿಟ್ಟು ಆಡದ್ದು. 2000ದ ಸುಮಾರಿಗೆ ಬಾಗಲಕೋಟೆ ಜಿಲ್ಲೆಯಲ್ಲಿ ಎಚ್‌ಐವಿ ಸೋಂಕು ಜಾಸ್ತಿಯಿದೆ ಎಂಬುದು ಆಸ್ಪತ್ರೆಗಳಿಗೆ ಗೊತ್ತಿತ್ತು. ಆದರೆ ಆಗಿನ ಅಂದಾಜು ಬರುತ್ತಿದ್ದದ್ದು ಮುಖ್ಯವಾಗಿ ಸರ್ಕಾರಿ ಆಸ್ಪತ್ರೆಗೆ ಬಂದ ಬಸುರಿಯರ ರಕ್ತಪರೀಕ್ಷೆಯಿಂದ. ಆಸ್ಪತ್ರೆಗೆ ಬಂದವರು ಹಗ್ಗದ ಒಳಗೆ, ಬರದವರು ಹೊರಗೆ. 2003ರಲ್ಲಿ ಸಂಶೋಧಕರು ಮೂರು ತಾಲ್ಲೂಕುಗಳ 10 ಹಳ್ಳಿ, 20 ನಗರ ಬಡಾವಣೆಗಳನ್ನು ಆರಿಸಿಕೊಂಡು ಮನೆಮನೆಗೆ ಹೋದರು. ಸುಮಾರು ನಾಲ್ಕು ಸಾವಿರ ಗಂಡಸರು, ಹೆಂಗಸರು ಪರೀಕ್ಷೆಗೆ ರಕ್ತ ಕೊಟ್ಟರು. ಇಂಥ ಊರುಗಳಲ್ಲಿ ಇಂಥ ಕೆಲಸಕ್ಕೆ ತೋಳು ಚಾಚಿದ ನಾಲ್ಕು ಸಾವಿರ ಮಂದಿಯ ಧೈರ್ಯವನ್ನು ಯಾವ ಕೋಷ್ಟಕವೂ ಹೇಳುವುದಿಲ್ಲ.

ವಯಸ್ಕರಲ್ಲಿ ನೂರಕ್ಕೆ 2.9 ಮಂದಿಗೆ ಸೋಂಕು ಕಂಡಿತು. ಪತ್ರಿಕೆಗೆ ತಲೆಬರಹವಾಗಬಲ್ಲ ಅಂಕಿ. ಆದರೆ ಕೆಲಸಕ್ಕೆ ಬಂದ ಅಂಕಿ ಬೇರೆ. ಹತ್ತು ಹಳ್ಳಿಗಳಲ್ಲಿ ಒಂದರಲ್ಲಿ ಸೋಂಕು ಸೊನ್ನೆ, ಇನ್ನೊಂದರಲ್ಲಿ ನೂರಕ್ಕೆ 8.2. ಒಂದೇ ಜಿಲ್ಲೆ, ಅದೇ ಜೋಳದ ರೊಟ್ಟಿ ಉಣ್ಣುವ ಜನ, ಆದರೂ ಈ ಅಜಗಜಾಂತರ. 2.9 ಎಂಬ ಸರಾಸರಿ ಈ ಎರಡು ಹಳ್ಳಿಗಳಲ್ಲಿ ಯಾವುದರ ಕತೆಯನ್ನೂ ಹೇಳುವುದಿಲ್ಲ. ಏಡ್ಸ್ ಎಂದರೆ ಮುಂಬಯಿ, ಲಾರಿ, ಪೇಟೆ ಎಂದು ನಂಬಿದ್ದ ಕಾಲದಲ್ಲಿ ಇದು ಹಳ್ಳಿಯ ರೋಗವೂ ಹೌದು, ಎಲ್ಲ ಹಳ್ಳಿಯದ್ದೂ ಅಲ್ಲ ಎಂಬುದು ಗೊತ್ತಾಯಿತು. ಜಿಲ್ಲೆಗೆಲ್ಲ ಒಂದೇ ಸಮ ಭಿತ್ತಿಪತ್ರ ಅಂಟಿಸುವುದರ ಬದಲು ಹಳ್ಳಿ ಆರಿಸಿ ಅಲ್ಲಿಯ ಜನರನ್ನೇ ಕಾರ್ಯಕರ್ತರನ್ನಾಗಿ ಮಾಡುವ ಕೆಲಸವನ್ನು ಇಂಡಿಯಾ-ಕೆನಡಾ ಸಹಯೋಗದ ಯೋಜನೆ ಇದೇ ಜಿಲ್ಲೆಯಲ್ಲಿ ಮಾಡಿ ನೋಡಿತು. ಮುಂದೆ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಹಳ್ಳಿಗಳಿಗಾಗಿಯೇ 'ಲಿಂಕ್ ವರ್ಕರ್' ಎಂಬ ಹುದ್ದೆ ಬಂತು.

ಮನೆಮನೆಯ ಎಣಿಕೆ ಇಡೀ ದೇಶದ ಅಂಕಿಯನ್ನೂ ಬದಲಿಸಿತು. 2005-06ರ ಮೂರನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರ ರಕ್ತ ಪರೀಕ್ಷಿಸಿದರು. ಅದಕ್ಕೆ ಮೊದಲು ಭಾರತದಲ್ಲಿ 57 ಲಕ್ಷ ಸೋಂಕಿತರಿದ್ದಾರೆ ಎಂದು ವಿಶ್ವಸಂಸ್ಥೆ ಹೇಳಿತ್ತು. 2007ರಲ್ಲಿ ಆ ಅಂದಾಜು 25 ಲಕ್ಷಕ್ಕೆ ಇಳಿಯಿತು. ಯಾರೂ ಗುಣವಾಗಿರಲಿಲ್ಲ, ಹಗ್ಗ ಸರಿಯಾದ ಜಾಗದಲ್ಲಿ ಬಿದ್ದಿತ್ತು ಅಷ್ಟೇ. ದೇಶದ ಸರಾಸರಿ ಇಳಿಯಿತೆಂದು ಬಾಗಲಕೋಟೆಯ ಹೊರೆ ಇಳಿಯಲಿಲ್ಲ ಎಂಬುದನ್ನು ಮಾತ್ರ ಇಲ್ಲಿ ಮರೆಯುವಂತಿಲ್ಲ.

ಕೇಳುವ ರೀತಿಯೂ ಲೆಕ್ಕದ ಒಂದು ಭಾಗ. ಅಪರಿಚಿತರು ಎದುರು ಕೂತು ಮಂಚದ ಮೇಲಿನ ವಿಷಯ ಕೇಳಿದರೆ ನಿಜ ಹೇಳುವವರು ಎಷ್ಟು ಮಂದಿ? ಅದಕ್ಕೆ ಕರ್ನಾಟಕದಲ್ಲಿ ಮತಗಟ್ಟೆಯ ಉಪಾಯವನ್ನು ಬಳಸಿದರು. ಹತ್ತು ಹನ್ನೆರಡು ಜನ, ಪ್ರತಿಯೊಬ್ಬರಿಗೂ ಮರೆ ಕಟ್ಟಿದ ಸ್ವಂತ ಗೂಡು, ಗೂಡಿನಲ್ಲಿ ಬಣ್ಣದ ಡಬ್ಬಿಗಳು. ಒಬ್ಬರು ಪ್ರಶ್ನೆಯನ್ನು ಎಲ್ಲರಿಗೂ ಕೇಳುವಂತೆ ಓದುತ್ತಾರೆ, ಹೌದಾದರೆ ಚೀಟಿ ಹಸಿರು ಡಬ್ಬಿಗೆ, ಇಲ್ಲವಾದರೆ ಕೆಂಪು ಡಬ್ಬಿಗೆ. ಹೆಸರಿಲ್ಲ, ಅಕ್ಷರ ಬೇಕಿಲ್ಲ, ಕೊನೆಗೆ ಗುಂಪಿನ ಒಟ್ಟು ಲೆಕ್ಕ ಮಾತ್ರ. ಮುಖಕ್ಕೆ ಮುಖ ಕೊಟ್ಟು ಒಪ್ಪದ ಸಂಗತಿಗಳನ್ನು ಇಲ್ಲಿ ಹೆಚ್ಚು ಜನ ಒಪ್ಪಿಕೊಂಡರು. ಚುನಾವಣೆಯಲ್ಲಿ ಕಲಿತ ಗುಟ್ಟು ಆರೋಗ್ಯ ಇಲಾಖೆಗೆ ಉಪಯೋಗಕ್ಕೆ ಬಂತು.

ಇನ್ನು 'ಸಮತಾ' ಎಂಬ ಪ್ರಯೋಗದ ಮಾತು. ಈ ಭಾಗದ ಪರಿಶಿಷ್ಟ ಜಾತಿ, ಪಂಗಡಗಳ ಹೆಣ್ಣುಮಕ್ಕಳು ಏಳನೇ ತರಗತಿ ದಾಟಿದ ಮೇಲೆ ಶಾಲೆ ಬಿಡುವುದು, ಬೇಗ ಮದುವೆಯಾಗುವುದು ನಿಂತಿರಲಿಲ್ಲ. ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ಮತ್ತು ಲಂಡನ್ನಿನ ಸಂಶೋಧಕರು ವಿಜಯಪುರ, ಬಾಗಲಕೋಟೆ ಜಿಲ್ಲೆಗಳ 121 ಹಳ್ಳಿಗಳಲ್ಲಿ 80ನ್ನು ಆರಿಸಿಕೊಂಡರು. ಮತ್ತೆ ಚೀಟಿ ಎತ್ತಿದಂತೆ 40 ಹಳ್ಳಿಗಳಿಗೆ ಕಾರ್ಯಕ್ರಮ, 40 ಹಳ್ಳಿಗಳಿಗೆ ಸದ್ಯಕ್ಕೆ ಇಲ್ಲ ಎಂದು ವಿಂಗಡಿಸಿದರು. ಕಾರ್ಯಕ್ರಮದ ಹಳ್ಳಿಗಳಲ್ಲಿ ಹುಡುಗಿಯರ ಗುಂಪುಗಳಾದವು, ತಂದೆತಾಯಿಗಳ ಜೊತೆ, ಊರ ಹುಡುಗರ ಜೊತೆ, ಶಾಲೆಯವರ ಜೊತೆ ಮಾತುಕತೆ ನಡೆಯಿತು. 2014ರಿಂದ 2017ರವರೆಗೆ, ಏಳನೇ ತರಗತಿಯಿಂದ ಹತ್ತನೇ ತರಗತಿಯವರೆಗೆ, 2457 ಬಾಲಕಿಯರನ್ನು ಲೆಕ್ಕದಲ್ಲಿಟ್ಟರು. ಮೂರು ವರ್ಷದ ಮೇಲೂ ನೂರರಲ್ಲಿ 92 ಹುಡುಗಿಯರನ್ನು ಮತ್ತೆ ಹುಡುಕಿ ಮಾತಾಡಿಸಿದ್ದಾರೆ. ಕಬ್ಬು ಕಡಿಯಲು ಹೋಗುವ, ಗುಳೆ ಹೋಗುವ ಸೀಮೆಯಲ್ಲಿ ಇದು ಸಣ್ಣ ಸಾಹಸವಲ್ಲ.

ಫಲಿತಾಂಶ? ಕಾರ್ಯಕ್ರಮ ನಡೆದ ಹಳ್ಳಿಗೂ ನಡೆಯದ ಹಳ್ಳಿಗೂ ಹೇಳಿಕೊಳ್ಳುವ ವ್ಯತ್ಯಾಸವೇ ಇರಲಿಲ್ಲ. ಎರಡೂ ಕಡೆ ಸೇರಿ ಸುಮಾರು ನಾಲ್ವರಲ್ಲಿ ಒಬ್ಬಳು ಹತ್ತನೇ ತರಗತಿ ಮುಗಿಸಿರಲಿಲ್ಲ, ಹತ್ತು ಮಂದಿಯಲ್ಲಿ ಸುಮಾರು ಒಬ್ಬಳಿಗೆ ಮದುವೆಯಾಗಿತ್ತು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಆ 40 ಹೋಲಿಕೆಯ ಹಳ್ಳಿಗಳು ಇಲ್ಲದಿದ್ದರೆ ಏನಾಗುತ್ತಿತ್ತು? ಆ ವರ್ಷಗಳಲ್ಲಿ ಹುಡುಗಿಯರ ಓದು ಎಲ್ಲೆಡೆ ಹಿಂದಿಗಿಂತ ಮೇಲೇರಿತ್ತು, ಬಾಲ್ಯವಿವಾಹ ಇಳಿದಿತ್ತು. ಮೊದಲು, ಆಮೇಲೆ ಎಂದು ಎರಡು ಅಂಕಿ ಪಕ್ಕಪಕ್ಕ ಬರೆದು, ನಮ್ಮ ಕಾರ್ಯಕ್ರಮದಿಂದಲೇ ಹುಡುಗಿಯರು ಓದಿದರು ಎಂದು ಬಣ್ಣದ ಪುಸ್ತಕ ಅಚ್ಚು ಹಾಕಿಸಬಹುದಿತ್ತು, ಸಭೆಯಲ್ಲಿ ಚಪ್ಪಾಳೆಯೂ ಬೀಳುತ್ತಿತ್ತು. ಕಾರ್ಯಕ್ರಮವಿಲ್ಲದ ಹಳ್ಳಿಯ ಹುಡುಗಿಯರೂ ಅಷ್ಟೇ ಓದಿದ್ದಾರೆ ಎಂದು ತಿಳಿದದ್ದರಿಂದ ಆ ಸುಳ್ಳು ತಪ್ಪಿತು. ಸಂಶೋಧಕರು ವ್ಯತ್ಯಾಸ ಕಾಣಲಿಲ್ಲ ಎಂದು 2019ರಲ್ಲಿ ನೇರವಾಗಿ ಪ್ರಕಟಿಸಿದರು. ಸರ್ಕಾರಿ ಯೋಜನೆಗಳಲ್ಲಿ ಎಷ್ಟಕ್ಕೆ ಈ ಭಾಗ್ಯವಿದೆ? 2006-07ರಿಂದ ಎಂಟನೇ ತರಗತಿಗೆ ಕೊಟ್ಟ ಸೈಕಲ್ಲನ್ನು ಅರ್ಧ ಜಿಲ್ಲೆಗೆ ಮೊದಲು, ಇನ್ನರ್ಧಕ್ಕೆ ಎರಡು ವರ್ಷ ತಡವಾಗಿ ಕೊಟ್ಟಿದ್ದರೆ, ಹುಡುಗಿಯರ ಓದಿಗೆ ಸೈಕಲ್ಲು ಮಾಡಿದ್ದೆಷ್ಟು ಎಂದು ಇಂದು ರೂಪಾಯಿ ಪೈಸೆ ಲೆಕ್ಕದಲ್ಲಿ ಹೇಳಬಹುದಿತ್ತು.

ಮೆಕ್ಸಿಕೊ ಅದನ್ನು ಮಾಡಿತು. 1997ರಲ್ಲಿ ಮಕ್ಕಳನ್ನು ಶಾಲೆಗೆ ಕಳಿಸುವ ತಾಯಂದಿರಿಗೆ ಹಣ ಕೊಡುವ 'ಪ್ರೋಗ್ರೆಸಾ' ಯೋಜನೆ ಶುರುವಾದಾಗ, ಸಮೀಕ್ಷೆಗೆ ಆರಿಸಿದ 506 ಹಳ್ಳಿಗಳಲ್ಲಿ 320ಕ್ಕೆ ಮೊದಲು ಕೊಟ್ಟು 186ಕ್ಕೆ ತಡವಾಗಿ ಕೊಟ್ಟರು. 2000ದಲ್ಲಿ ಎದುರು ಪಕ್ಷ ಅಧಿಕಾರಕ್ಕೆ ಬಂದಾಗ ಹಳೆಯ ಸರ್ಕಾರದ ಈ ಯೋಜನೆಯನ್ನು ಕಿತ್ತುಹಾಕಲಿಲ್ಲ, ಹೆಸರು ಬದಲಿಸಿ ಬೆಳೆಸಿತು. ಕೈಯಲ್ಲಿ ಇಟ್ಟುಕೊಂಡಿದ್ದ ಲೆಕ್ಕ ಯೋಜನೆಯ ಪರವಾಗಿ ಸಾಕ್ಷಿ ಹೇಳಿತ್ತು.

ನಮ್ಮಲ್ಲಿ ಲೆಕ್ಕ ನೋಡಿ ದುಡ್ಡು ಹಂಚಿದ ದೊಡ್ಡ ಉದಾಹರಣೆ ಡಿ.ಎಂ. ನಂಜುಂಡಪ್ಪ ಸಮಿತಿಯದು. 2002ರಲ್ಲಿ ಅದು 35 ಸೂಚಕಗಳನ್ನಿಟ್ಟುಕೊಂಡು ರಾಜ್ಯದ 175 ತಾಲ್ಲೂಕುಗಳನ್ನು ತೂಗಿ, 114 ಹಿಂದುಳಿದವೆಂದು ಹೇಳಿತು. ಜಿಲ್ಲೆ ಬಿಟ್ಟು ತಾಲ್ಲೂಕಿಗೆ ಇಳಿದದ್ದೇ ಅದರ ಹೆಚ್ಚುಗಾರಿಕೆ. ಆದರೆ ರಬಕವಿ-ಬನಹಟ್ಟಿ ಆಗ ಜಮಖಂಡಿ ತಾಲ್ಲೂಕಿನೊಳಗೇ ಇತ್ತು. ಜಮಖಂಡಿಯ ರೈತರು 1989ರಲ್ಲಿ ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ತಾವೇ ವಂತಿಗೆ ಹಾಕಿ ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಬ್ಯಾರೇಜು ಕಟ್ಟಿದವರು. ಆ ನೀರಿನ ಕಬ್ಬು ಒಂದು ಕಡೆ, ನೂಲಿನ ದರ ಏರಿದಾಗಲೆಲ್ಲ ಉಸಿರು ಕಟ್ಟುವ ಬನಹಟ್ಟಿಯ ಮಗ್ಗ ಇನ್ನೊಂದು ಕಡೆ. ಎರಡನ್ನೂ ಕೂಡಿಸಿ ಭಾಗಿಸಿದರೆ ಬರುವ ತಾಲ್ಲೂಕು ಎಲ್ಲಿಯೂ ಇಲ್ಲದ ತಾಲ್ಲೂಕು. ಮುಧೋಳದ ಕಬ್ಬಿನವರಿಗೂ ಈ ಸಂಕಟ ಹೊಸದಲ್ಲ. 2025-26ರ ಹಂಗಾಮಿಗೆ ಕೇಂದ್ರ ಗೊತ್ತುಮಾಡಿದ ದರ ಶೇ 10.25 ಸಕ್ಕರೆ ಇಳುವರಿಗೆ ಕ್ವಿಂಟಲಿಗೆ 355 ರೂಪಾಯಿ. ಆ ಇಳುವರಿ ಇಡೀ ಕಾರ್ಖಾನೆಯ ಸರಾಸರಿ. ತಿಪ್ಪೆಗೊಬ್ಬರ ಹಾಕಿ ಗಟ್ಟಿ ಕಬ್ಬು ಬೆಳೆದವನಿಗೂ ನೀರು ಕುಡಿಸಿ ಬೆಳೆದವನಿಗೂ ಒಂದೇ ದರ.

ಪಟ್ಟಿಯ ಅಂಚು ಎಷ್ಟು ಹರಿತ ಎಂಬುದನ್ನು ನೇಕಾರರು ಬಲ್ಲರು. 2020ರಲ್ಲಿ ರಾಜ್ಯ ಸರ್ಕಾರ ನೇಕಾರ ಸಮ್ಮಾನ್ ಯೋಜನೆ ತಂದು ಕೈಮಗ್ಗದವರಿಗೆ ವರ್ಷಕ್ಕೆ 2000 ರೂಪಾಯಿ ಕೊಡಲು ಹೊರಟಾಗ ಆಧಾರವಾಗಿ ಇಟ್ಟುಕೊಂಡದ್ದು ನಾಲ್ಕನೆಯ ಕೈಮಗ್ಗ ಗಣತಿಯ ಪಟ್ಟಿ. ಗಣತಿದಾರ ಬಂದ ದಿನ ಮನೆಗೆ ಬೀಗವಿದ್ದರೆ, ನೇಯ್ದು ಸವೆದ ಬೆರಳು ತೋರಿಸಿದರೂ ಪಟ್ಟಿಯಲ್ಲಿ ಹೆಸರಿಲ್ಲ.

ರಬಕವಿಯ ಓಣಿಯಲ್ಲಿ ಮಧ್ಯಾಹ್ನ ನಡೆದುಹೋದರೆ ಮಗ್ಗದ ಸದ್ದಿನ ನಡುವೆ ಕಟ್ಟೆಯ ಮೇಲೆ ಕಂಡಿಕೆ ಸುತ್ತುವ ಹೆಂಗಸರು ಕಾಣುತ್ತಾರೆ. ಅವರು ಸುತ್ತಿಕೊಡದಿದ್ದರೆ ಒಳಗೆ ಲಾಳಿ ಓಡುವುದಿಲ್ಲ. "ಏನು ಕೆಲಸ ಮಾಡ್ತೀರಿ" ಎಂದು ಯಾರಾದರೂ ಕಾಗದ ಹಿಡಿದು ಕೇಳಿದರೆ, "ನಮ್ದೇನೈತ್ರಿ, ಮನ್ಯಾಗಿನ ಕೆಲಸ" ಎಂದು ಬಿಡುತ್ತಾರೆ. ಕೇಳಿದವನೂ ಹಾಗೆಯೇ ಬರೆದುಕೊಳ್ಳುತ್ತಾನೆ. ಬುಡ ಹಗ್ಗದ ಒಳಗೇ ಇದ್ದ ತೆನೆಯನ್ನು ಹೊರಗೆ ಬಿಟ್ಟ ಲೆಕ್ಕ ಅದು.

ದೇಶದ ಜನಗಣತಿ 2011ರಲ್ಲಿ ಆದದ್ದೇ ಕೊನೆ. ಆಗ ರಬಕವಿ-ಬನಹಟ್ಟಿ ಎಂಬ ತಾಲ್ಲೂಕೇ ಇರಲಿಲ್ಲ. ಮುಂದಿನ ಜನಗಣತಿಯ ಲೆಕ್ಕಕ್ಕೆ 2027ರ ಮಾರ್ಚ್ 1ರ ಮೊದಲ ಗಳಿಗೆಯನ್ನು ಗೊತ್ತುಮಾಡಿದ್ದಾರೆ. ಗಣತಿದಾರರು ಬಾಗಿಲಿಗೆ ಬಂದಾಗ ಯಜಮಾನರು ಒಬ್ಬರೇ ಉತ್ತರ ಹೇಳಿ ಕಳಿಸಬೇಡಿ. ಕಂಡಿಕೆ ಸುತ್ತುವ ಅವ್ವನನ್ನೂ ಹೊರಗೆ ಕರೆಯಿರಿ, ತಾನು ಮಾಡುವ ಕೆಲಸ ಯಾವುದೆಂದು ಅವಳ ಬಾಯಿಂದಲೇ ಬರೆಸಿ.